ಮಾತ್ರೆಯ ಬೆನ್ನ ಮೇಲಣ ಚೌಕ

ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿಯಲ್ಲಿ ಕರಿಬಿಳಿ ಚುಕ್ಕಿಗಳ ಚೌಕವೊಂದನ್ನು ಈಚೆಗೆ ಅಚ್ಚು ಹಾಕುತ್ತಿರುವರಲ್ಲ, ಅದರಿಂದ ರೋಗಿಗೆ ಏನು ಪ್ರಯೋಜನವೆಂದು ಕಂಪ್ಲಿಯ ವಾಚಕರೊಬ್ಬರು ಕೇಳಿದ್ದಾರೆ. 1945ರ ಔಷಧ ನಿಯಮಗಳಿಗೆ ತಂದ ತಿದ್ದುಪಡಿಯ ಮೇರೆಗೆ, 2023ರ ಆಗಸ್ಟ್ 1ರಿಂದೀಚೆಗೆ ತಯಾರಾದ 300 ಬ್ರಾಂಡುಗಳ ಔಷಧಗಳ ಮೇಲೆ ಕ್ಯೂಆರ್ ಕೋಡ್ ಎಂಬ ಈ ಚೌಕ ಅಥವಾ ಬಾರ್‌ಕೋಡ್ ಇರತಕ್ಕದ್ದೆಂದು ಕೇಂದ್ರ ಸರ್ಕಾರ ವಿಧಿಸಿದೆ.

ಈ ಚೌಕದ ಜನ್ಮವೃತ್ತಾಂತ ಸ್ವಾರಸ್ಯವಾದುದು. ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ಮೋಟಾರು ಬಿಡಿಭಾಗಗಳ ಲೆಕ್ಕಕ್ಕೆ ಬಾರ್‌ಕೋಡಿನ ಗೆರೆಗಳು ಸಾಲದೆ ಹೋದಾಗ, ಮಸಾಹಿರೊ ಹಾರಾ ಎಂಬ ಎಂಜಿನಿಯರು ‘ಗೋ’ ಆಟದ ಹಲಗೆಯ ಮೇಲಣ ಕರಿಬಿಳಿ ಕಾಯಿಗಳನ್ನು ನೋಡಿ, ಗೆರೆಯಲ್ಲಿ ಹಿಡಿಸದುದನ್ನು ಮನೆಗಳಲ್ಲಿ ತುಂಬಬಹುದೆಂದು ಕಂಡುಕೊಂಡು, 1994ರಲ್ಲಿ ಇದನ್ನು ಲೋಕಕ್ಕಿತ್ತರು. ಹಂಪಿಯ ಹಾಸುಗಲ್ಲುಗಳ ಮೇಲೆ ಕೊರೆದಿರುವ ಆಟದ ಮನೆಗಳನ್ನು ಕಂಡವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು: ಕಾಯಿ ಇರುವ ಮನೆ, ಇಲ್ಲದ ಮನೆ, ಇವೆರಡೇ, ಅವುಗಳ ವಿನ್ಯಾಸವೇ ಅಂಕಿ, ಅಕ್ಷರ. ಮೂರು ಮೂಲೆಗಳ ದೊಡ್ಡ ಚೌಕಗಳು ಸ್ಟ್ರಿಪ್ಪನ್ನು ತಲೆಕೆಳಗಾಗಿ ಹಿಡಿದರೂ ಫೋನಿಗೆ ದಿಕ್ಕು ತೋರಿಸುವುವು. ಅವುಗಳ ಕಪ್ಪುಬಿಳುಪಿನ 1:1:3:1:1 ಎಂಬ ಪ್ರಮಾಣವನ್ನು, ಮುದ್ರಿತ ಕಾಗದಗಳಲ್ಲಿ ಅತಿ ವಿರಳವಾದುದು ಯಾವುದೆಂದು ಹುಡುಕಿಯೇ ಆರಿಸಲಾಯಿತು. ಶೇಕಡಾ 30ರವರೆಗೆ ಅಳಿಸಿದರೂ, ಉಳಿದುದರಿಂದ ಕಳೆದುದನ್ನು ಗಣಿತಬಲದಿಂದ ಮರಳಿ ಪಡೆಯುವಂತೆ ಇದನ್ನು ರಚಿಸಬಹುದು. ಆದರೆ ಹೊಸಪೇಟೆಯ ಔಷಧದಂಗಡಿಯಲ್ಲಿ ನಾಲ್ಕೇ ಮಾತ್ರೆ ಕೇಳಿದವರಿಗೆ ಸ್ಟ್ರಿಪ್ಪನ್ನು ಕತ್ತರಿಸಿ ಕೊಟ್ಟಾಗ, ಚೌಕವೂ ಅವಧಿಯ ತಾರೀಖೂ ಅಂಗಡಿಯ ಡಬ್ಬದಲ್ಲೇ ಉಳಿದುಬಿಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಚೌಕದೊಳಗೆ ಔಷಧದ ಮೂಲನಾಮ, ಬ್ರಾಂಡಿನ ಹೆಸರು, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಾರೀಖುಗಳು, ಲೈಸೆನ್ಸ್ ಸಂಖ್ಯೆ ಇರಬೇಕು. ಮೂಲನಾಮವೊಂದೇ ಸಾಕು, ಪ್ರಾಣ ಉಳಿಸಲು: ಜ್ವರ ಬಂದ ಸಂಡೂರಿನ ಗಣಿಕಾರ್ಮಿಕನೊಬ್ಬನು ವೈದ್ಯರು ಬರೆದುಕೊಟ್ಟ ಡೋಲೊವನ್ನೂ ಮನೆಯಲ್ಲಿದ್ದ ಕ್ಯಾಲ್ಪಾಲನ್ನೂ ಬೇರೆ ಬೇರೆ ಔಷಧಗಳೆಂದು ನುಂಗಿದರೆ, ಅವನು ನುಂಗಿದುದು ಪ್ಯಾರಾಸಿಟಮಾಲನ್ನೇ ಎರಡು ಸಲ, ದಿನಕ್ಕೆ 4 ಗ್ರಾಂ ಮೀರಿದರೆ ಅದು ಯಕೃತ್ತಿಗೆ ಕೇಡು. ಬ್ಯಾಚ್ ಸಂಖ್ಯೆಯಾದರೋ, 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಬಾಣಂತಿಯರು ತೀರಿಕೊಂಡು, ನರಕ್ಕೇರಿಸಿದ ದ್ರಾವಣದ ಬ್ಯಾಚುಗಳ ಮೇಲೆ ಸಂಶಯ ಮೂಡಿದಂದಿನಿಂದ ನಮ್ಮ ಸೀಮೆಯವರಿಗೆ ಕ್ಷುಲ್ಲಕವಾಗಿ ತೋರಲಾರದು.

ಇಷ್ಟಾದರೂ, ಮಾಹಿತಿಯೆಲ್ಲ ರೋಗಿಯ ಅಂಗೈಗೆ ಬಂತೆಂಬ ಸಡಗರವನ್ನು ನಾನೊಪ್ಪೆನು. ಊಟಕ್ಕೆ ಮೊದಲೋ ಅನಂತರವೋ, ಬಸುರಿಯರು ಸೇವಿಸಬಹುದೋ ಬಾರದೋ, ಒಂದು ಹೊತ್ತು ಮರೆತರೆ ಮಾಡತಕ್ಕದ್ದೇನು ಎಂಬುದನ್ನು ತಿಳಿಸಬೇಕೆಂದು ಆ ನಿಯಮ ಹೇಳುವುದಿಲ್ಲ. ಕನ್ನಡದಲ್ಲಿರಬೇಕೆಂದಂತೂ ಇಲ್ಲವೇ ಇಲ್ಲ. ಔಷಧದೊಡನೆ ಕೊಡುವ ತಿಳಿವಳಿಕೆಯ ಪತ್ರವು ಆಯಾ ದೇಶದ ಆಡಳಿತಭಾಷೆಯಲ್ಲೇ ಇರಬೇಕೆಂದು ಯೂರೋಪಿನ ದೇಶಗಳು 1992ರಲ್ಲಿಯೇ ಕಟ್ಟಳೆ ಮಾಡಿಕೊಂಡವು. ನಮ್ಮ ಚೌಕದ ಹಿಂದೆ ಕನ್ನಡದ ಒಂದು ಪುಟವನ್ನೂ, ಓದಲಾರದವರಿಗಾಗಿ ಅದನ್ನೇ ಓದಿ ಹೇಳುವ ಧ್ವನಿಯನ್ನೂ ಇರಿಸಲು ತಂತ್ರಜ್ಞಾನದ ಅಡ್ಡಿ ಲವಲೇಶವೂ ಇಲ್ಲ. ಸರ್ಕಾರ ಇದನ್ನು ಕಡ್ಡಾಯಗೊಳಿಸಬೇಕು.

ಅಲ್ಲಿಯವರೆಗೆ, ಅಂಗಡಿಯವರು ಕತ್ತರಿ ಹಿಡಿಯುವ ಮುನ್ನ ಇಡೀ ಸ್ಟ್ರಿಪ್ಪಿನ ಹಿಂಬದಿಯ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿರಿ. ಔಷಧದಿಂದ ತೊಂದರೆಯಾದರೆ ವೈದ್ಯರಿಗೆ ತೋರಿಸಿ, 1800-180-3024 ಎಂಬ ಉಚಿತ ಸಂಖ್ಯೆಗೂ ತಿಳಿಸಿರಿ.