ಒಂದು ಚಮಚ ತುಪ್ಪ, ನಾನೂರು ಆಮ್ಲ!

ಕುಲಶೇಖರ ಎಂದರೆ ಮಂಗಳೂರಿಗರಿಗೆ ಡೇರಿ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಹಾಲು ಒಕ್ಕೂಟದ ಕೇಂದ್ರ ಇರುವುದು ಇಲ್ಲೇ. ಆ ಹಾಲಿನಿಂದ ಇಳಿದ ತುಪ್ಪವನ್ನು ಬಿಸಿ ಗಂಜಿಗೆ ಹಾಕಿಕೊಳ್ಳುವಾಗ ಯಾರಾದರೂ ಊಹಿಸಿಯಾರೇ, ಹಾಲಿನ ಕೊಬ್ಬಿನಲ್ಲಿ 400ಕ್ಕೂ ಹೆಚ್ಚು ಬಗೆಯ ಕೊಬ್ಬಿನಾಮ್ಲಗಳಿವೆ ಎಂದು!

ಅಷ್ಟನ್ನು ಬಿಡಿಸುವುದು ಹೇಗೆ? ಮಿಶ್ರಣವನ್ನು ಆವಿಯಾಗಿಸಿ, ಕೊಳವೆಯಲ್ಲಿ ಹರಿಸಿ ಬಿಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಹುಟ್ಟಿದ್ದೇ ಇಂಥ ಆಮ್ಲಗಳ ಬೆನ್ನುಹತ್ತಿ. 1952ರಲ್ಲಿ ವಿಜ್ಞಾನಿಗಳಾದ ಜೇಮ್ಸ್ ಮತ್ತು ಮಾರ್ಟಿನ್ ಅದರಿಂದ ಮೊದಲು ಬೇರ್ಪಡಿಸಿ ತೋರಿಸಿದ್ದು ಆವಿಯಾಗುವ ಕೊಬ್ಬಿನಾಮ್ಲಗಳನ್ನು. ಬೆಣ್ಣೆಯ ಬ್ಯುಟಿರಿಕ್ ಆಮ್ಲವೂ ಆ ಬಳಗದ್ದೇ. ಇಂದು ಇದಕ್ಕೆ 100 ಮೀಟರ್ ಉದ್ದದ, ಕಾಲು ಮಿಲಿಮೀಟರ್ ಒಳವ್ಯಾಸದ ಸುರುಳಿ ಕೊಳವೆಗಳಿವೆ (ಕಾಲಂ ಎನ್ನುವುದು ಇವನ್ನೇ). ನೂರು ಮೀಟರ್! ಆದರೂ ಎಷ್ಟೋ ಆಮ್ಲಗಳು ಒಂದನ್ನೊಂದು ತಬ್ಬಿಕೊಂಡೇ ಹೊರಬೀಳುತ್ತವೆ.

ಕೊಳವೆಯನ್ನು ಇನ್ನಷ್ಟು ಉದ್ದ ಮಾಡಿ ಹೆಚ್ಚು ಪ್ರಯೋಜನವಿಲ್ಲ. ಬೇರೆ ಗುಣ ನೋಡಿ ಬಿಡಿಸುವ ಇನ್ನೊಂದು ವಿಧಾನವನ್ನು ಜೋಡಿಸಬೇಕು. ಮಾರ್ಟಿನ್‌ಗೆ ಇದು ಮೊದಲೇ ಹೊಳೆದಿತ್ತು: 1944ರಲ್ಲಿ ಅವರ ತಂಡ ಕಾಗದದ ಮೇಲೆ ಒಂದು ದ್ರಾವಕ ಹರಿಸಿ, ಕಾಗದವನ್ನು ಅಡ್ಡ ತಿರುಗಿಸಿ, ಇನ್ನೊಂದನ್ನು ಹರಿಸಿತು. ಒಂದೇ ಚುಕ್ಕೆಯಲ್ಲಿ ಅಡಗಿದ್ದ ಅಮೈನೋ ಆಮ್ಲಗಳು ಕಾಗದದ ತುಂಬ ಹರಡಿಕೊಂಡವು!

1991ರಲ್ಲಿ ಅಮೆರಿಕದ ಜಾನ್ ಫಿಲಿಪ್ಸ್ ಮತ್ತು ಝೈಯೂ ಲಿಯು ಎರಡು ಗ್ಯಾಸ್ ಕಾಲಂಗಳನ್ನೇ ಹೀಗೆ ಬೆಸೆದರು. ಮೊದಲ ಕಾಲಂನಿಂದ ಬರುವುದನ್ನು ಕೆಲವೇ ಸೆಕೆಂಡುಗಳಿಗೊಮ್ಮೆ ಹಿಡಿದು, ಗಿಡ್ಡನೆಯ ಎರಡನೆಯದಕ್ಕೆ ಥಟ್ಟನೆ ಎಸೆಯುವ ವ್ಯವಸ್ಥೆ. ಫಲಿತಾಂಶದ ನಕ್ಷೆ ನೋಡಿದರೆ ಮಂಗಳೂರಿನವರ ಕಣ್ಣು ಅರಳಲೇಬೇಕು: ಒಂದೇ ಕುಲದ ಅಣುಗಳು ಹೆಂಚು ಹೊದೆಸಿದ ಮಾಡಿನಂತೆ ಸಾಲುಸಾಲಾಗಿ ಓರೆಯಾಗಿ ಕೂತಿರುತ್ತವೆ!

ಇಂಥ ಜೋಡಣೆಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ದಂಗುಬಡಿಸಿದ್ದು ಮಾತ್ರ ಬೆಳ್ಳಿಯ ಆಟ. ಗಾಜಿನ ಮೇಲೆ ಬಳಿದ ತೆಳು ಸಿಲಿಕಾಕ್ಕೆ ಸಿಲ್ವರ್ ನೈಟ್ರೇಟ್ ಕುಡಿಸುತ್ತಾರೆ (ಬೆರಳಿಗೆ ತಾಗಿದರೆ ಕಪ್ಪು ಕಲೆ ದಿನಗಟ್ಟಲೆ ಬಿಡದು). ಅದರ ಮೇಲೆ ಕೊಬ್ಬಿನಾಮ್ಲಗಳನ್ನು ಹರಿಸುತ್ತಾರೆ. ಬೆಳ್ಳಿಯ ಅಯಾನಿಗೆ ಅವುಗಳ ಇಂಗಾಲದ ಸರಪಳಿಯ ದ್ವಿಬಂಧಗಳೆಂದರೆ ಪ್ರೀತಿ. ಸರಪಳಿಯ ಎರಡು ತುಂಡುಗಳು ದ್ವಿಬಂಧದ ಒಂದೇ ಬದಿಗಿರುವ ಸಿಸ್ ರೂಪದ್ದನ್ನು ಬಿಗಿಯಾಗಿ ಹಿಡಿಯುತ್ತದೆ, ವಿರುದ್ಧ ಬದಿಗಿರುವ ಟ್ರಾನ್ಸ್ ರೂಪದ್ದನ್ನು ಸಡಿಲವಾಗಿ. ದ್ವಿಬಂಧವೇ ಇಲ್ಲದ್ದು ಮುಂದೆ ಓಡಿಹೋಗುತ್ತದೆ. ಟ್ರಾನ್ಸ್ ಪಟ್ಟಿಯನ್ನಷ್ಟೇ ಕೆರೆದು ತೆಗೆದು, ತೊಳೆದು, ಗ್ಯಾಸ್ ಕಾಲಂಗೆ ಬಿಟ್ಟರೆ ಅದುವರೆಗೆ ಸಿಸ್‌ಗಳ ಗದ್ದಲದಲ್ಲಿ ಮುಳುಗಿದ್ದ ಟ್ರಾನ್ಸ್ ಆಮ್ಲಗಳ ಶಿಖರಗಳು ಗ್ರಾಫಿನಲ್ಲಿ ಒಂದೊಂದಾಗಿ ತಲೆಯೆತ್ತುತ್ತವೆ.

ಇಲ್ಲಿದೆ ಮಜಾ! ಈ ಟ್ರಾನ್ಸ್ ಆಮ್ಲಗಳಲ್ಲಿ ಹಲವಕ್ಕೆ 18 ಇಂಗಾಲ, ಒಂದೇ ದ್ವಿಬಂಧ, ತೂಕವೂ ಒಂದೇ. ಆದರೆ ಹಸುವಿನ ಹೊಟ್ಟೆಯ ಬ್ಯಾಕ್ಟೀರಿಯಾ ತಯಾರಿಸುವ ಟ್ರಾನ್ಸ್ ಆಮ್ಲದಲ್ಲಿ ಆ ಬಂಧ ಹೆಚ್ಚಾಗಿ 11ನೇ ಇಂಗಾಲದಲ್ಲಿ. ಎಣ್ಣೆಗೆ ಹೈಡ್ರೋಜನ್ ಅರ್ಧಂಬರ್ಧ ಸೇರಿಸಿ ಮಾಡಿದ ವನಸ್ಪತಿಯಲ್ಲೋ, 9 ಮತ್ತು 10ರ ಆಸುಪಾಸಿನಲ್ಲಿ ಚದುರಿರುತ್ತದೆ. ದ್ವಿಬಂಧ ಒಂದೆರಡು ಇಂಗಾಲದಷ್ಟು ಆಚೀಚೆ ಸರಿದದ್ದೂ ಗ್ರಾಫಿನಲ್ಲಿ ಕಾಣುತ್ತದೆ!