ಪುಟ್ಟ ಪೆಟ್ಟಿಗೆಯ ಗೇಮಿಂಗ್ ಕಂಪ್ಯೂಟರ್: ಮೊದಲು ಅಳತೆ, ಆಮೇಲೆ ಖರೀದಿ

ಬನಶಂಕರಿಯ ಬಾಡಿಗೆ ಮನೆಗಳ ಓದುವ ಮೇಜಿನ ಮೇಲೆ ದೊಡ್ಡ ಕಂಪ್ಯೂಟರ್ ಪೆಟ್ಟಿಗೆಗೆ ಜಾಗ ದೊರೆಯುವುದು ಕಷ್ಟ. ಪುಸ್ತಕಗಳ ಪಕ್ಕದಲ್ಲೇ ಕೂರುವ ಪುಟ್ಟ ಗೇಮಿಂಗ್ ಯಂತ್ರವನ್ನು ತಾವೇ ಜೋಡಿಸಿಕೊಳ್ಳುವ ಆಸೆ ಯುವಕರಲ್ಲಿ ಮೂಡುವುದು ಸಹಜ. ಬಿಡಿಭಾಗಗಳ ಮಾರುಕಟ್ಟೆಯೂ ದೂರವಿಲ್ಲ. ಹಸಿರು ಮಾರ್ಗದ ಮೆಟ್ರೊದಲ್ಲಿ ಹೊರಟು ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಸಾದರ ಪತ್ರಪ್ಪ ರಸ್ತೆ, ಅಂದರೆ ಎಲ್ಲರೂ ಬಲ್ಲ ಎಸ್.ಪಿ. ರಸ್ತೆ, ಸಮೀಪದಲ್ಲೇ ಇದೆ. ಆದರೆ ಸಾವಿರಾರು ರೂಪಾಯಿ ತೆತ್ತು ತಂದ ಭಾಗ ಪೆಟ್ಟಿಗೆಯೊಳಗೆ ಹಿಡಿಸದಿದ್ದರೆ? ಮುದ್ರೆ ಒಡೆದ ವಸ್ತುವನ್ನು ಹಿಂದಿರುಗಿಸುವುದು ಸುಲಭವಲ್ಲ. ಹೆತ್ತವರು ಕೂಡಿಟ್ಟ ಹಣ ಅಲ್ಲಿಗೆ ವ್ಯರ್ಥ.

ಪೆಟ್ಟಿಗೆಯೇ ಮೊದಲು

ಸಾಮಾನ್ಯವಾಗಿ ಪ್ರೊಸೆಸರ್ ಮೊದಲು, ಪೆಟ್ಟಿಗೆ ಕೊನೆಗೆ ಎಂಬ ಕ್ರಮವಿದೆ. 20 ಲೀಟರಿಗಿಂತ ಕಿರಿದಾದ ಪೆಟ್ಟಿಗೆಯಲ್ಲಿ ಈ ಕ್ರಮ ತಲೆಕೆಳಗಾಗಬೇಕು. ತಯಾರಕರು ನೀಡುವ ವಿವರಗಳಲ್ಲಿ ಮೂರನ್ನು ಬರೆದಿಟ್ಟುಕೊಳ್ಳಿ: ಗ್ರಾಫಿಕ್ಸ್ ಕಾರ್ಡಿನ ಗರಿಷ್ಠ ಉದ್ದ ಮತ್ತು ದಪ್ಪ, ಕೂಲರಿನ ಗರಿಷ್ಠ ಎತ್ತರ, ಪವರ್ ಸಪ್ಲೈ ನಮೂನೆ. ಮಿಕ್ಕೆಲ್ಲ ಆಯ್ಕೆಯೂ ಈ ಮಿತಿಗಳೊಳಗೇ ನಡೆಯಬೇಕು.

ಮದರ್‌ಬೋರ್ಡ್

ವಿಯಾ ಸಂಸ್ಥೆ 2001ರಲ್ಲಿ ಪರಿಚಯಿಸಿದ ಮಿನಿ-ಐಟಿಎಕ್ಸ್ ಬೋರ್ಡ್ 17 ಸೆಂ.ಮೀ. ಚೌಕ. ಅದರಲ್ಲಿ ವಿಸ್ತರಣೆಗೆ ಒಂದೇ ಸ್ಲಾಟ್, ಮೆಮೊರಿಗೆ ಸಾಮಾನ್ಯವಾಗಿ ಎರಡೇ ಸ್ಲಾಟ್. ಆದ್ದರಿಂದ ಮೆಮೊರಿ ಎಷ್ಟೆಂಬುದನ್ನು ಆರಂಭದಲ್ಲೇ ನಿರ್ಧರಿಸುವುದು ಜಾಣತನ. 24.4 ಸೆಂ.ಮೀ. ಚೌಕದ ಮೈಕ್ರೊ-ಎಟಿಎಕ್ಸ್ ಬೋರ್ಡುಗಳು ಸಾಮಾನ್ಯವಾಗಿ ಅಗ್ಗ. ಮೇಜಿನ ಮೇಲೆ ತುಸು ಹೆಚ್ಚು ಜಾಗವಿದ್ದರೆ ಅವೇ ಲಾಭಕರ.

ವಿದ್ಯುತ್ ಮತ್ತು ಶಾಖ

ಯಂತ್ರ ಬಳಸುವ ಒಂದೊಂದು ವಾಟ್ ವಿದ್ಯುತ್ತೂ ಕೊನೆಗೆ ಶಾಖವಾಗಿ ಹೊರಬೀಳುತ್ತದೆ. ಉದಾಹರಣೆಗೆ, ಎಎಂಡಿಯ ರೈಜನ್ 5 7600 ಪ್ರೊಸೆಸರ್ ಗರಿಷ್ಠ 88 ವಾಟ್, 2025ರಲ್ಲಿ ಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 5060 ಕಾರ್ಡ್ 145 ವಾಟ್ ಬಳಸುತ್ತವೆ. ಇತರ ಭಾಗಗಳನ್ನು ಸೇರಿಸಿದರೂ ಮೊತ್ತ 300 ವಾಟ್ ಆಸುಪಾಸಿನಲ್ಲಿರುತ್ತದೆ. ಹಠಾತ್ ಏರಿಳಿತ ತಾಳಿಕೊಳ್ಳಲು 550 ವಾಟ್‌ನ ಎಸ್‌ಎಫ್‌ಎಕ್ಸ್ ಪವರ್ ಸಪ್ಲೈ ಸಾಕು. 750 ವಾಟ್‌ಗೆ ಹಣ ಸುರಿಯುವ ಅಗತ್ಯವಿಲ್ಲ.

ಬೆಂಗಳೂರಿನ ಹವೆ ತಂಪೆಂದು ನಂಬಿ ಕೂರುವಂತಿಲ್ಲ. ನಗರದ ಉಷ್ಣಾಂಶ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. 2024ರ ಏಪ್ರಿಲ್‌ನಲ್ಲಿ 38.5ಕ್ಕೇರಿತ್ತು. ಫ್ಯಾನ್ ಎಷ್ಟೇ ತಿರುಗಿದರೂ ಕೋಣೆಯ ಗಾಳಿಗಿಂತ ತಂಪಾಗಿ ಯಂತ್ರವನ್ನು ಇಡಲಾರದು. ಶಾಖ ಮಿತಿಮೀರಿದಾಗ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಆಟ ತಡವರಿಸುತ್ತದೆ. ಆದಕಾರಣ ಗಾಜಿನ ಪಕ್ಕಗಳ ಅಂದಕ್ಕಿಂತ ಜಾಲರಿಯ ಪಕ್ಕಗಳುಳ್ಳ, ಧೂಳು ತಡೆಯುವ ಪರದೆಯಿರುವ ಪೆಟ್ಟಿಗೆಯೇ ಮೇಲು. ಅದನ್ನು ಗೋಡೆಗೆ ಒತ್ತಿ ಇಡದೆ ಒಂದು ಗೇಣು ಅಂತರ ಬಿಡಬೇಕು.

ಅಂಗಡಿಗೆ ಹೋಗುವಾಗ ಅಳತೆಗಳ ಚೀಟಿ ಜೇಬಿನಲ್ಲಿರಲಿ. ಪ್ರತಿ ಭಾಗದ ಸರಣಿ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಮುಂದೆ ವಾರಂಟಿ ಕೇಳಬೇಕಾದಾಗ ಆ ಕಾಗದವೇ ಆಧಾರ.