ಅಪೆಂಡಿಕ್ಸ್ ಮತ್ತು ಕರುಳಿನ ಉರಿಯೂತ

ಹೊಟ್ಟೆಯ ಬಲಬದಿಯ ಕೆಳಭಾಗದಲ್ಲಿ, ದೊಡ್ಡ ಕರುಳಿನ ಮೊದಲ ಭಾಗಕ್ಕೆ ಹುಳುವಿನಂತೆ ಜೋತುಬಿದ್ದಿರುವ ಅಪೆಂಡಿಕ್ಸ್ ಬಹುಕಾಲ ನಿರುಪಯೋಗಿ ಅಂಗವೆನಿಸಿಕೊಂಡಿತ್ತಾದರೂ, ಅದರ ಗೋಡೆಯಲ್ಲಿ ರೋಗನಿರೋಧಕ ಕಣಗಳು ದಟ್ಟವಾಗಿ ನೆಲೆಸಿದ್ದು, ಈ ಅಂಗಾಂಶ ಹದಿಹರೆಯದ ವೇಳೆಗೆ ಅತ್ಯಂತ ಸಮೃದ್ಧವಾಗಿರುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ವಿರುದ್ಧ ಹದ್ದುಮೀರಿ ವರ್ತಿಸುವ ದೀರ್ಘಕಾಲದ ಕಾಯಿಲೆಗಳಿಗೂ ಈ ಪುಟ್ಟ ಅಂಗಕ್ಕೂ ನಂಟಿರಬಹುದೆಂಬ ಸಂಶಯ ಆದ್ದರಿಂದ ನಿರಾಧಾರವಾದುದಲ್ಲ.

ಇಂತಹ ಕಾಯಿಲೆಗಳಲ್ಲಿ ಮುಖ್ಯವಾದವು ಎರಡು: ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣುಗಳಾಗಿ ರಕ್ತಭೇದಿಯಾಗುವ ಅಲ್ಸರೇಟಿವ್ ಕೊಲೈಟಿಸ್, ಮತ್ತು ಬಾಯಿಯಿಂದ ಗುದದವರೆಗೆ ಜೀರ್ಣನಾಳದ ಯಾವ ಭಾಗದಲ್ಲಾದರೂ ಕಾಣಿಸಿಕೊಂಡು ಗೋಡೆಯ ಆಳಕ್ಕೂ ಇಳಿಯಬಲ್ಲ ಕ್ರೋನ್ಸ್ ಕಾಯಿಲೆ.

ಸ್ವೀಡನ್ನಿನಲ್ಲಿ 1964ರಿಂದ 1993ರವರೆಗೆ ಅಪೆಂಡಿಕ್ಸ್ ತೆಗೆಸಿಕೊಂಡ 2 ಲಕ್ಷಕ್ಕೂ ಹೆಚ್ಚು ಜನರನ್ನು ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನವು, ಅಪೆಂಡಿಕ್ಸಿನ ಉರಿಯೂತಕ್ಕಾಗಿ 20 ವರ್ಷ ವಯಸ್ಸಿನೊಳಗೆ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಮುಂದೆ ಕೊಲೈಟಿಸ್ ಬರುವುದು ಕಡಿಮೆಯೆಂದು ತೋರಿಸಿತು. ಆದರೆ ಕಾರಣ ತಿಳಿಯದ ಹೊಟ್ಟೆನೋವಿಗಾಗಿ ಅದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಅಂತಹ ರಕ್ಷಣೆ ದೊರೆತಿರಲಿಲ್ಲ. ಇಡೀ ಚರ್ಚೆಯ ತಿರುಳಿರುವುದು ಈ ವ್ಯತ್ಯಾಸದಲ್ಲೇ. ಡೆನ್ಮಾರ್ಕನ್ನೂ ಒಳಗೊಂಡು 7 ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ 2009ರ ಅಧ್ಯಯನವೂ, ರಕ್ಷಣೆಯ ನಂಟಿರುವುದು ಅಂಗವನ್ನು ತೆಗೆಯುವುದರೊಂದಿಗಲ್ಲ, ಎಳೆಯ ವಯಸ್ಸಿನಲ್ಲಿ ಬಂದ ಉರಿಯೂತದೊಂದಿಗೆ ಎಂಬ ನಿಲುವನ್ನೇ ಬಲಪಡಿಸಿತು.

ಕ್ರೋನ್ಸ್ ಕಾಯಿಲೆಯ ವಿಷಯದಲ್ಲಿ ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಅಪಾಯ ಹೆಚ್ಚಿದಂತೆ ಕಂಡರೂ, ಸಣ್ಣ ಕರುಳಿನ ಕೊನೆಯಲ್ಲಿ ಆಗಲೇ ಇದ್ದ ಕಾಯಿಲೆಯ ನೋವನ್ನು ಅಪೆಂಡಿಕ್ಸಿನ ನೋವೆಂದು ತಿಳಿದದ್ದು ಇದಕ್ಕೆ ಬಹುಮಟ್ಟಿಗೆ ಕಾರಣ.

ಕಾಯಿಲೆ ಆಗಲೇ ಇರುವವರ ಪ್ರಶ್ನೆ ಬೇರೆ. ನೆದರ್ಲೆಂಡ್ಸ್, ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ ಹತೋಟಿಯಲ್ಲಿದ್ದ ಕೊಲೈಟಿಸ್ ರೋಗಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ 'ಅಕ್ಯೂರ್' ಪ್ರಯೋಗದಲ್ಲಿ, ಔಷಧಿಯ ಜೊತೆಗೆ ಅಪೆಂಡಿಕ್ಸನ್ನೂ ತೆಗೆಸಿಕೊಂಡವರಲ್ಲಿ ಒಂದು ವರ್ಷದೊಳಗೆ ಶೇ. 36 ಮಂದಿಗೆ ಕಾಯಿಲೆ ಮರುಕಳಿಸಿದರೆ, ಔಷಧಿಯೊಂದನ್ನೇ ಪಡೆದವರಲ್ಲಿ ಆ ಪ್ರಮಾಣ ಶೇ. 56ರಷ್ಟಿತ್ತು. ಇನ್ನೂರರ ಆಸುಪಾಸಿನ ರೋಗಿಗಳ ಈ ಫಲಿತಾಂಶ ಭರವಸೆ ಮೂಡಿಸುವಂಥದ್ದೇ ಆದರೂ, ಕೊಲೈಟಿಸ್ ಬಾರದಿರಲೆಂದು ಆರೋಗ್ಯವಂತರು ಅಪೆಂಡಿಕ್ಸ್ ತೆಗೆಸಿಕೊಳ್ಳುವುದಕ್ಕೆ ಅದು ಆಧಾರವಾಗದು.